ಎರಡನ್ನೂ ಒಟ್ಟಿಗೆ ತೆಗೆಯಬಾರದು

ಕೇಬಲ್ ಹಾಕುವ ತೂತೇ ಇಲ್ಲವಲ್ಲ ಅಕ್ಕಾ, ಎಂದ
ಗೋಣಿಕೊಪ್ಪದ ಅಂಗಡಿಯಲ್ಲಿ ಉಸ್ಮಾನನ ಮೊಮ್ಮಗ,
ನನ್ನ ಡಿಜಿಟಲ್ ಡೈರಿಯನ್ನು ಮಗುಚಿ ಮಗುಚಿ ನೋಡಿ,
ಗದ್ದೆಯಲ್ಲಿ ಸಿಕ್ಕ ಏಡಿಯನ್ನು ನೋಡುವಂತೆ.
ಕೈಯಲ್ಲೇ ಒತ್ತಬೇಕು, ಒಂದೊಂದಾಗಿ.

ಬೆನ್ನಿಗೆ ಇನ್ನೂ ಅಂಟಿಕೊಂಡಿದೆ ಹಳದಿ ಚೀಟಿ:
ಸೆಲ್ ಎರಡು. ಎರಡನ್ನೂ ಒಟ್ಟಿಗೆ ತೆಗೆಯಬಾರದು.
ಒಂದು ಬದಲಾಗುವಷ್ಟು ಹೊತ್ತು
ಇನ್ನೊಂದು ನೆನಪು ಹಿಡಿದುಕೊಂಡಿರುತ್ತದೆ.

ಇನ್ನೂರ ಹದಿನಾಲ್ಕು ಹೆಸರು.
ವಿರಾಜಪೇಟೆ ಆಸ್ಪತ್ರೆಯ ಲ್ಯಾಬಿನಲ್ಲಿ
ಫ್ರಿಜ್ಜು ಕೈಕೊಟ್ಟ ರಾತ್ರಿಗಳಲ್ಲಿ
ನನ್ನ ರಕ್ತನಿಧಿ ಇದೇ, ಅಂಗೈಯಗಲ.
ಕನ್ನಡ ಬಾರದು ಅದಕ್ಕೆ;
ಹನ್ನೆರಡು ಅಕ್ಷರಕ್ಕೆ ಉಸಿರು ನಿಲ್ಲುತ್ತಿತ್ತು.
ಕೊಳಂದಂಡ ಎಂಬ ಮನೆತನವಿಡೀ
ಅಲ್ಲಿ ಒಂದು ಕೆ, ಒಂದು ಚುಕ್ಕೆ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಎಡಕ್ಕೆ ಹಳೆಯದು, ಬಲಕ್ಕೆ ಹೊಸದು.
ಮೊದಲ ಸಲ ಹೆಸರುಗಳನ್ನು ಪೂರ್ತಿ ಬರೆಯುತ್ತಿದ್ದೇನೆ.
ಚೋಂದಮ್ಮನ ಸೊನ್ನೆ ಎಲ್ಲಿ ಬರುತ್ತದೆಂದು ಕೈ ತಡೆಯಿತು.
ಇಪ್ಪತ್ತು ವರ್ಷ ಕರೆದವಳು ನಾನು, ಬರೆದವಳಲ್ಲ.

ಪಾಲಿಬೆಟ್ಟದ ಲೈನಿನ ಎರವರ ಚುಬ್ರ, ಓ ನೆಗೆಟಿವ್.
ಫೋನು ತೋಟದ ರೈಟರ ಮನೆಯದು.
ಎದುರಿಗೆ ನನ್ನದೇ ಟಿಪ್ಪಣಿ: ಏಳರ ಒಳಗೆ.
ಆಮೇಲೆ ರೈಟರು ಎತ್ತುವುದಿಲ್ಲ.
ಜೀಪಿನ ಹಿಂದೆ ನೇತಾಡಿಕೊಂಡು ಬರುತ್ತಿದ್ದ,
ಕೊಟ್ಟು, ಬಿಸ್ಕತ್ತನ್ನು ಜೇಬಿಗಿಳಿಸಿ ಹೊರಡುತ್ತಿದ್ದ,
ಯಾರಿಗೆ ಎಂದು ಕೇಳಿದವನಲ್ಲ.
ಒಂದು ಸಲ ಅದು ರೈಟರ ಹೆಂಡತಿಗೇ.
ಐದಂಕಿಯ ಮುಂದೆ ಒಂದು ಎರಡು ಸೇರಿಸಿ ಕರೆದು ನೋಡಿದೆ.
ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದಳು ಒಬ್ಬಳು,
ಬಹಳ ವಿನಯದಿಂದ.
ಆದರೂ ಒತ್ತಿದೆ.

ವಿನ್ಸೆಂಟ್ ಡಿಸೋಜನಿಗೆ ಅರವತ್ತೈದು ದಾಟಿತು,
ಕೊಡುತ್ತೇನೆಂದರೂ ಇನ್ನು ತೆಗೆಯುವಂತಿಲ್ಲ. ಒತ್ತಿದೆ.
ಕುಟ್ಟಪ್ಪನ ಅಂಗಳದಲ್ಲಿ ಜೋಡಿ ಗುಂಡು ಹಾರಿದ್ದು
ಇದೇ ಅಡುಗೆಮನೆಗೆ ಕೇಳಿಸಿತ್ತು.
ಅವನನ್ನೂ ಒತ್ತಿದೆ. ಬೆರಳು ನಿಲ್ಲಲಿಲ್ಲ, ಅಷ್ಟೆ.

ಕೊನೆಗೆ ಉಳಿದದ್ದು ಬೀಗದ ಚಿತ್ರದ ಗುಂಡಿ.
ಗುಟ್ಟಿನ ಸಂಖ್ಯೆ ಕೇಳಿತು:
ಲ್ಯಾಬ್ ಕೋರ್ಸಿನ ನನ್ನ ರಿಜಿಸ್ಟರ್ ನಂಬರು.

ಮೂರು ಹೆಸರು.
ಕಿಟ್ಟಿನ ಪಟ್ಟಿಯಲ್ಲಿ ಒಂದರ ಬದಲು
ಎರಡು ಗೆರೆ ಮೂಡಿಸಿದವರು.
ಡಾಕ್ಟರು ಬಾಗಿಲು ಹಾಕಿಕೊಂಡು ಅವರಿಗೆ ಹೇಳಿದ್ದರು.
ಎಂದೂ ಕರೆಯಬಾರದೆಂಬುದು ಮರೆಯದಿರಲೆಂದು
ನಾನು ಇಲ್ಲಿ ಬರೆದಿಟ್ಟಿದ್ದೆ.

ಮೊದಲನೆಯವನು ನಾಪೋಕ್ಲಿನ ಪೊನ್ನಣ್ಣ,
ಹಾಕಿಯಲ್ಲಿ ಬಲಬದಿಯ ಓಟಗಾರ.
ವರ್ಷಕ್ಕೊಮ್ಮೆ ಶಿಬಿರದ ಕಿಟಕಿಯಲ್ಲಿ ಇಣುಕಿ,
ಬೆನ್ನ ಹಿಂದೆ ಇಡೀ ತಂಡ, ಜೋರಾಗಿ:
ನನ್ನನ್ನು ಮಾತ್ರ ಕರೆಯುವುದೇ ಇಲ್ಲವಲ್ಲ, ಲ್ಯಾಬಕ್ಕ?
ನಾನೂ ಅಷ್ಟೇ ಜೋರಾಗಿ:
ನಿನಗೆ ಕಬ್ಬಿಣಾಂಶ ಕಡಿಮೆ ಮಾರಾಯ, ಸೊಪ್ಪು ತಿನ್ನು.
ಇಬ್ಬರೂ ನಗುತ್ತಿದ್ದೆವು.
ಪಳಗಿದ ಪಾಸು ಅದು, ಅವನ ಕೋಲಿನಿಂದ ನನ್ನದಕ್ಕೆ.
ಚೆಂಡು ಯಾರಿಗೂ ಕಾಣದು.

ಹೊಸ ಫೋನು ಕೇಳುತ್ತಿದೆ
ಎಲ್ಲಿ ಉಳಿಸಲಿ, ಯಾರೊಂದಿಗೆ ಹಂಚಲಿ ಎಂದು.
ಅದರಲ್ಲೂ ಬೀಗವಿದ್ದೀತು. ಹುಡುಕಿದೆ, ಸಿಗಲಿಲ್ಲ.
ತುಂಬಾ ಹುಡುಕಿದೆನೆಂದೂ ಹೇಳಲಾರೆ.

ಚಮಚದ ಹಿಡಿಯಿಂದ ಹಳೆಯದರ ಬೆನ್ನು ಬಿಚ್ಚಿ
ಎರಡನ್ನೂ ಒಟ್ಟಿಗೆ ತೆಗೆದೆ.
ಪಾತ್ರೆಯ ಹಾಲು ಕಾದು ಮೇಲೇರುವಷ್ಟು ಹೊತ್ತು
ಹಾಗೇ ಬಿಟ್ಟೆ.

ಉಸ್ಮಾನನ ಮೊಮ್ಮಗ ಒತ್ತಾಯದಿಂದ ಮಾರಿದ
ಹೊಸ ಸೆಲ್ಲುಗಳಿದ್ದವು, ಜೋಡಿಗೆ ಎಂಬತ್ತು ರೂಪಾಯಿ.
ಹಾಳಾಗುವುದೇಕೆಂದು ಹಾಕಿದೆ.

ಬೂದು ಪರದೆಯ ಮೇಲೆ ಗಡಿಯಾರವೊಂದು ಎದ್ದಿತು:
ಜನವರಿ ಒಂದು, ತೊಂಬತ್ತೈದು, ಭಾನುವಾರ.
ಹನ್ನೆರಡು ಗಂಟೆ, ಸೊನ್ನೆ ನಿಮಿಷ.
ಯಾರ ಬೆರಳಿಗೂ ನಾನಿನ್ನೂ ಸೂಜಿ ಚುಚ್ಚಿಲ್ಲ.
ಪೊನ್ನಣ್ಣನಿಗೆ ಹನ್ನೊಂದು ವರ್ಷ,
ಕೈಯಲ್ಲಿ ಕಡಿದ ಕಾಫಿ ಗಿಡದ ಬಾಗಿದ ಕೋಲು.

ನೋಡುತ್ತಿದ್ದಂತೆ
ಒಂದು ನಿಮಿಷವಾಯಿತು.